ಬೀಜದ ಕಾಯಿ ಮತ್ತು ಶುಕ್ರವಾರದ ಆಲ್ಬಮ್

ನನ್ನ ಅಂಗೈಯಗಲದ ಸ್ಪೀಕರಿನ ಜಾಲರಿಯಲ್ಲಿ ಕಡಲೆಬೀಜದ ಒಂದು ಕೆಂಪು ಹೊಟ್ಟು ಸಿಕ್ಕಿಕೊಂಡಿದೆ. ಪಿನ್ನು ಹಿಡಿದು ತೆಗೆಯಲು ಕೂತವನು, ತೆಗೆಯದೆ ನಿಮ್ಮೊಡನೆ ಮಾತಿಗಿಳಿದಿದ್ದೇನೆ; ಕೇಳುವ ವ್ಯವಧಾನ ನಿಮಗಾದರೂ ಇದ್ದೀತು, ನಮ್ಮ ಮನೆಯಲ್ಲಂತೂ ಯಾರಿಗೂ ಇಲ್ಲ.

ಅಮೆರಿಕದ ಜಾಝ್ ವಾದನ, ಎದೆಯಾಳದಿಂದ ಹಾಡುವ ಸೋಲ್ ಗಾಯನ, ಇವೆರಡನ್ನು ಕೇಳುವವರ ಸಂಘವೊಂದನ್ನು ಮಧುಗಿರಿಯಲ್ಲಿ ಕಟ್ಟಿದರೆ ಅಧ್ಯಕ್ಷ, ಕಾರ್ಯದರ್ಶಿ, ಸದಸ್ಯ ಎಲ್ಲವೂ ನಾನೇ ಆಗಬೇಕಾದೀತು. ಹೊಸ ಆಲ್ಬಮ್ಮುಗಳು ಲೋಕದಲ್ಲೆಲ್ಲ ಹೊರಬರುವುದು ಶುಕ್ರವಾರ; ಅಂದು ಊರಿನವರು ದೇವಿಯ ಗುಡಿಗೆ ಹೊರಡುವ ಹೊತ್ತಿಗೆ ನಾನು ಫೋನು ಹಿಡಿದು, ಲೋಕದ ಯಾವ ಮೂಲೆಯಿಂದ ಯಾವ ಹೊಸ ಆಲ್ಬಮ್ ಬಂತೆಂದು ಹುಡುಕುತ್ತಿರುತ್ತೇನೆ. ಒಳ್ಳೆಯದು ಸಿಕ್ಕರೆ ಒಬ್ಬನೇ ಕೇಳಲು ಮನಸ್ಸು ಬಾರದು. ಹೆಂಡತಿಯೋ ಎರಡನೆಯ ಹಾಡಿಗೆ ಕುಕ್ಕರ್ ಇಡಲು ಏಳುತ್ತಾಳೆ; ಅದರ ಶಿಳ್ಳೆ ಸ್ಯಾಕ್ಸೊಫೋನಿಗಿಂತ ಎಷ್ಟೋ ವಾಸಿಯೆಂಬುದು ಅವಳ ಅಭಿಪ್ರಾಯ. ಮೊದಲ ಹಾಡಿನಿಂದ ಕೊನೆಯದರವರೆಗೆ ಜೊತೆಯಲ್ಲಿ ಕೂತು ಕೇಳುವ ಒಂದು ಜೀವ ಬೇಕೆಂಬುದು, ನಗಬೇಡಿ, ನನ್ನ ಬಹುಕಾಲದ ಆಸೆ.

ಬಿತ್ತನೆಗೆ ಮುಂಚೆ ಬಡವನಹಳ್ಳಿ ಕಡೆಯ ನಮ್ಮೂರಿಗೆ ಹೋದಾಗ ಆ ಆಸೆ ಮತ್ತೆ ಚಿಗುರಿತು. ಅತ್ತಿಗೆ ಗಂಗಮ್ಮ ನೆರೆಯ ಹೆಂಗಸರೊಡನೆ ಪಡಸಾಲೆಯಲ್ಲಿ ಬೀಜದ ಕಡಲೆಕಾಯಿ ಸುಲಿಯುತ್ತಿದ್ದರು. ಮಿಷನ್ನಿಗೆ ಹಾಕಿದರೆ ಬೀಜ ಒಡೆದು ಬೇಳೆಯಾಗುತ್ತದೆಂದು, ಬಿತ್ತುವ ಕಾಯನ್ನು ನಮ್ಮಲ್ಲಿ ಕೈಯಲ್ಲೇ ಸುಲಿಯುವುದು ರೂಢಿ: ತುಸು ನೀರು ಚಿಮುಕಿಸಿ, ಮೂತಿ ಒತ್ತಿ, ಒಳಗಿನ ಕೆಂಪು ಹೊಟ್ಟು ಹರಿಯದಂತೆ ಬಿಡಿಸಬೇಕು. ಇಡೀ ಮಧ್ಯಾಹ್ನ ಕೂತಲ್ಲಿಂದ ಏಳದ ಶ್ರೋತೃವೃಂದ! ಯಾವ ಮಹಾನಗರದ ಸಭಾಂಗಣದಲ್ಲಿ ಸಿಕ್ಕಾರು ಇಂಥವರು? ಸ್ಪೀಕರನ್ನು ಕಾಯಿರಾಶಿಯ ಪಕ್ಕದಲ್ಲಿಟ್ಟು ಆ ವಾರದ ಹೊಸ ಜಾಝ್ ಹಚ್ಚಿದೆ.

ಡ್ರಮ್ಮಿನವನಿಗೆ ಬಿಸಿರಕ್ತ, ಅವನ ಕೈಚಳಕಕ್ಕೆ ನಾನು ಕಣ್ಣುಮುಚ್ಚಿ ತಲೆದೂಗುತ್ತಿದ್ದೆ. ಹೆಂಗಸರ ಕೈಗಳೂ ಅವನ ಹಿಂದೆಯೇ ಓಡುತ್ತಿದ್ದುದು ಕಾಣಲಿಲ್ಲ. ಕಣ್ಣು ಬಿಟ್ಟಾಗ ಅತ್ತಿಗೆ ಮೊರವನ್ನು ಮುಂದೆ ಹಿಡಿದಿದ್ದರು. ಅರ್ಧಕ್ಕರ್ಧ ಬೇಳೆ.

"ನೋಡಪ್ಪ ಇಲ್ಲಿ. ಅವ್ನು ಅಂಗೆ ಬಡೀತಿದ್ರೆ ಕೈ ಹೆಂಗೆ ಸುಮ್ಕಿರ್ತದೆ? ಇರೋ ಬೀಜನೇ ಹೊಲಕ್ಕೆ ಸಾಲ್ದು ಅಂತಿದ್ದೆ. ಇದ್ನ ಇನ್ನು ಚಟ್ನಿ ಮಾಡ್ಬೇಕು ಅಷ್ಟೇಯ. ನಿಲ್ಸ್ಬುಡು ಅದ್ನ."

ನನಗೆ ನಿಜಕ್ಕೂ ಭಯವಾಯಿತು. ಬೀಜ ಸಾಲದೆ ಹೊಲದ ಒಂದು ಪಟ್ಟೆ ಬೀಳು ಬಿದ್ದರೆ ಅತ್ತಿಗೆ ಇನ್ನೆಂದೂ ನನ್ನ ಸ್ಪೀಕರನ್ನು ಹೊಸಿಲು ದಾಟಲು ಬಿಡುವವರಲ್ಲ. "ಇನ್ನೊಂದೇ ಒಂದು ಅತ್ತಿಗೆ, ಇದು ನಿಧಾನದ್ದು" ಎಂದು ಗೋಗರೆದೆ.

"ಇನ್ನೊಂದು ಬೀಜ ಒಡೀತು ಅಂದ್ರೆ ಮಿಕ್ಕಿದ್ದೆಲ್ಲ ನೀನೇ ಸುಲೀಬೇಕು, ಕಣಪ್ಪ."

ಈ ಸಲ ಹಚ್ಚಿದ್ದು ಸೋಲ್ ಗಾಯಕಿಯೊಬ್ಬಳ ಚೊಚ್ಚಲ ಆಲ್ಬಮ್. ತಗ್ಗಿದ ದನಿ, ಹಿಂದೆ ಒಂದು ಆರ್ಗನ್ನು, ಸಾಲು ಮುಗಿದ ಮೇಲೂ ಅವಸರವಿಲ್ಲದ ಬಿಡುವು. ಆ ಬಿಡುವಿನಲ್ಲಿ ಕಾಯಿ ಟಪ್ಪೆಂದು ಬಿಚ್ಚಿ, ಬೀಜ ಇಡಿಯಾಗಿ ಮೊರಕ್ಕೆ ಬೀಳುತ್ತಿತ್ತು. ಯಾರೂ ಏಳಲಿಲ್ಲ. ಕೊನೆಯ ಹಾಡಿನ ಹೊತ್ತಿಗೆ ಅತ್ತಿಗೆ ಕೇಳಿದರು: "ಈ ಹೆಣ್ಣುಮಗೀಗೆ ಏನಾಗೈತಪ್ಪ?"

"ತಾಯಿ ತೀರಿಕೊಂಡಿದ್ದಾರೆ ಅತ್ತಿಗೆ. ಹಾಡುಗಳೆಲ್ಲ ಅವರ ಮೇಲೆಯೇ."

ಅವರ ಕೈ ಒಂದು ಗಳಿಗೆ ನಿಂತಿತು. "ಪಾಪ, ಹೊತ್ತೊತ್ತಿಗೆ ಉಣ್ತಾಳೋ ಇಲ್ವೋ" ಎಂದು ಮತ್ತೆ ಸುಲಿಯತೊಡಗಿದರು.

ಹೊಸದರಲ್ಲಿ ಕೇಳುವಂಥದ್ದು ಯಾವುದೆಂದು ಈಗ ನೀವು ಕೇಳಿದರೆ, ವಿಮರ್ಶಕರಂತೆ ನಕ್ಷತ್ರ ಕೊಡಲಾರೆ. ಬೀಜ ಒಡೆಯುವ ಆಲ್ಬಮ್ಮುಗಳಿವೆ, ಬೀಜ ಉಳಿಸುವ ಆಲ್ಬಮ್ಮುಗಳಿವೆ. ಮೊದಲಿನವನ್ನು ಕೈಯಲ್ಲಿ ಕೆಲಸವಿಲ್ಲದಾಗ ಅಗತ್ಯವಾಗಿ ಕೇಳಿ. ಅಂದಿನ ಚಟ್ನಿಯೂ ಬಹಳ ರುಚಿಯಾಗಿತ್ತು.

ಇವತ್ತು ಶುಕ್ರವಾರ. ಪಿನ್ನು ಕೈಯಲ್ಲಿದ್ದಾಗಲೇ ಅತ್ತಿಗೆಯ ಫೋನು ಬಂತು. ಬೀಜ ಸಾಲಿತಂತೆ, ಹೊಲವೆಲ್ಲ ಒಂದೇ ಸಮ ಹುಟ್ಟಿದೆಯಂತೆ. ಆಮೇಲೆ, "ಆ ಹುಡ್ಗಿ ಈಗ ಸುಮಾರಾಗವ್ಳಾ? ಹೊಸದೇನಾರ ಹಾಡವ್ಳಾ?" ಎಂದರು. ಇನ್ನೂ ಇಲ್ಲವೆಂದೆ.

"ಹೋಗ್ಲಿ ಬುಡು, ಹಳೇದ್ನೇ ತಗಂಡ್ ಬಾ. ಇನ್ನೊಂದ್ಸಲ ಕೇಳಾನ."

ಪಿನ್ನನ್ನು ಡಬ್ಬಿಗೆ ಹಾಕಿದೆ. ಹೊಟ್ಟು ಅಲ್ಲೇ ಇರಲಿ. ಈ ವಾರದ ಹೊಸ ಆಲ್ಬಮ್ ಏನು ಬಂತೆಂದು ನೋಡಿಲ್ಲ. ಬಡವನಹಳ್ಳಿ ಬಸ್ಸಿಗೆ ಹೊತ್ತಾಯಿತು.