ನೂರೈವತ್ತು ಇಂಚಿನ ಮುಯ್ಯಿ

ನಮ್ಮ ಸೋದರತ್ತೆಯ ಫೋಟೊ ಈಗ ನಮ್ಮ ಕಂಪನಿಯ ಒಂದು ಸ್ಲೈಡಿನ ಮೇಲಿದೆ. ರೇಷ್ಮೆ ಸೀರೆ ಉಟ್ಟು, ಕೈಯಲ್ಲಿ ತಟ್ಟೆ ಹಿಡಿದು, ಬಾಯಿ ತುಂಬ ನಗುತ್ತಿದ್ದಾಳೆ. ಕೆಳಗೆ ಇಂಗ್ಲಿಷಿನಲ್ಲಿ ಬರೆದಿರುವುದನ್ನು ಕನ್ನಡದಲ್ಲಿ ಹೇಳುವುದಾದರೆ: ನಮ್ಮ ಒಂದು ಪ್ರೊಜೆಕ್ಟರ್ ನೋಡಿದ ಮೇಲೆ ಈಕೆ ಎರಡು ದೊಡ್ಡ ಟೀವಿ ಕೊಂಡಳು. ಹೊಸ ಗ್ರಾಹಕರು ಬಂದಾಗಲೆಲ್ಲ ನಮ್ಮ ಸಾಹೇಬರು ಆ ಸ್ಲೈಡ್ ತೋರಿಸುತ್ತಾರೆ. ಬಂದವರು ತಲೆದೂಗುತ್ತಾರೆ. ನಾನು ಹಿಂದಿನ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತೇನೆ.

ನಾನು ಕೆಲಸ ಮಾಡುವುದು ವೈಟ್‌ಫೀಲ್ಡಿನಲ್ಲಿ, ಮನೆಯಲ್ಲಿ ಸಿನಿಮಾ ನೋಡುವ ಪುಟ್ಟ ಪ್ರೊಜೆಕ್ಟರ್ ಮಾರುವ ಕಂಪನಿಯಲ್ಲಿ. ಯಾರು ಕೊಳ್ಳುತ್ತಾರೆ, ಯಾಕೆ ಕೊಳ್ಳುತ್ತಾರೆ ಎಂದು ವರದಿ ಬರೆಯುವುದು ನನ್ನ ಕೆಲಸ. ನಮ್ಮಪ್ಪ ಪೀಣ್ಯದಲ್ಲಿ ಲೇತ್ ಮಷೀನಿನ ಮುಂದೆ ನಿಂತೇ ಆಯುಷ್ಯ ಕಳೆದವನು. ನಾನು ಹಗಲು ಒಂದು ಪ್ಯಾಕಿಂಗ್ ಘಟಕದಲ್ಲಿ ದುಡಿದು ಸಂಜೆ ಕಾಲೇಜಿನಲ್ಲಿ ಓದಿದೆ. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಅಪ್ಪ ನನ್ನ ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿ ಟೀವಿಯ ಮೇಲುಗಡೆ ಮೊಳೆ ಹೊಡೆದ. ಟೀವಿ ನೋಡಲು ಬಂದವರು ಅದನ್ನೂ ನೋಡಿಯೇ ಹೋಗಬೇಕು ಎಂಬುದು ಅವನ ಲೆಕ್ಕಾಚಾರ.

ಆಫೀಸಿನಲ್ಲಿ ಎಲ್ಲರಿಗೂ ಒಂದು ನಂಬಿಕೆ ಇದೆ. ಹೊಸ ಯಂತ್ರಗಳ ಹುಚ್ಚಿರುವವರು ಮೊದಲು ಕೊಳ್ಳುತ್ತಾರಂತೆ. ಅವರನ್ನು ನೋಡಿ ಅಕ್ಕಪಕ್ಕದವರು, ಅವರನ್ನು ನೋಡಿ ಊರವರು. ಹುಚ್ಚರೇ ಮುಂದಾಳುಗಳು, ಉಳಿದವರು ಕುರಿಗಳು. ಇದನ್ನು ಎಲ್ಲರಿಗಿಂತ ಗಟ್ಟಿಯಾಗಿ ನಂಬಿದವರು ನಮ್ಮ ಸಾಹೇಬರು. ಏಕೆಂದರೆ ಆ ಮೊದಲ ಹುಚ್ಚ ತಾವೇ ಎಂಬುದು ಅವರ ಗಟ್ಟಿ ಅಭಿಪ್ರಾಯ. ಅವರ ಮನೆಯ ಹಾಲ್‌ನಲ್ಲಿ ಇರುವ ಸ್ಪೀಕರುಗಳನ್ನು ಎಣಿಸಲು ಹೋಗಿ ನಾನು ಒಮ್ಮೆ ಕೈಬಿಟ್ಟಿದ್ದೇನೆ. ಗೋಡೆಗೆ ಮಾತಾಡಿದರೆ ದೀಪ ಆರುತ್ತದೆ, ಪರದೆ ಇಳಿಯುತ್ತದೆ. ಆದರೆ ಅವರ ಮಹಡಿಯಲ್ಲಿ ಇನ್ಯಾರೂ ಅಂಥದ್ದು ಹಾಕಿಸಿಲ್ಲ. ಕೆಳಗಿನ ಮನೆಯವರು ಮಾತ್ರ, ನಮ್ಮ ಫ್ಯಾನ್ ಅಲುಗಾಡುತ್ತದೆ ಎಂದು ದೂರು ಕೊಟ್ಟಿದ್ದಾರೆ. ಬಸವನಗುಡಿಯಲ್ಲಿರುವ ಅವರ ತಾಯಿಗೂ ಅದೇ ಸಲಕರಣೆ ಕೂಡಿಸಿಕೊಟ್ಟಿದ್ದರು. ಧಾರಾವಾಹಿ ಹಾಕಲು ಮೂರು ರಿಮೋಟು ಬೇಕೆಂದು ಗೊತ್ತಾದ ಮೇಲೆ ಆಕೆ ಕೇಬಲ್‌ನವನನ್ನು ಕರೆಸಿ ಹಳೇ ಟೀವಿಯನ್ನೇ ಮತ್ತೆ ಹಾಕಿಸಿಕೊಂಡರು. ಹೆತ್ತ ತಾಯಿಯೇ ಹಿಂದೆ ಬರಲಿಲ್ಲ. ಇವರು ದೇಶವನ್ನು ಹಿಂದೆ ಕಟ್ಟಿಕೊಂಡು ಹೊರಟಿದ್ದಾರೆ.

ನಮ್ಮ ಕಡೆ ಟೀವಿ ಹೇಗೆ ಹಬ್ಬಿತು ಎಂದು ನನಗೆ ಗೊತ್ತು. ಅದು ಹಬ್ಬಿದ್ದು ಮುಯ್ಯಿಯಿಂದ.

ಮದುವೆಯೋ ಗೃಹಪ್ರವೇಶವೋ ಆದಾಗ ನೆಂಟರು ತರುವುದೇ ಮುಯ್ಯಿ. ಅದು ಉಡುಗೊರೆಯಂತೆ ಕಾಣುತ್ತದೆ, ಆದರೆ ಉಡುಗೊರೆ ಅಲ್ಲ. ಕೊಟ್ಟವರ ಮನೆಯಲ್ಲಿ ಕಾರ್ಯ ಆದಾಗ ಅಷ್ಟೇ, ಸಾಧ್ಯವಾದರೆ ಒಂದು ಕೈ ಹೆಚ್ಚೇ, ತಿರುಗಿ ಹೋಗಬೇಕು. ಸುಮ್ಮನೆ ಕೈಗೆ ಕೊಟ್ಟರೆ ಆಗುವುದಿಲ್ಲ, ಮೈಕಿನಲ್ಲಿ ಓದಿಸಬೇಕು. ಯಾವ ಊರು, ಯಾರ ಕಡೆ, ಏನು ಎಂದು ಶಾಮಿಯಾನದ ಕೆಳಗಿರುವ ಅಷ್ಟೂ ಜನಕ್ಕೆ ಕೇಳಬೇಕು. ಜಿಗಣಿಯ ಬೀಗರು ಮೂವತ್ತೆರಡು ಇಂಚಿನ ಟೀವಿ ಓದಿಸಿದ ವರ್ಷ ನಮ್ಮ ನೆಂಟರಲ್ಲಿ ಯಾರೂ ಅದಕ್ಕಿಂತ ಸಣ್ಣದು ತರಲಿಲ್ಲ. ಆಮೇಲೆ ನಲವತ್ಮೂರು ಬಂತು, ಐವತ್ತೈದು ಬಂತು. ಪಿಕ್ಸೆಲ್ಲು, ಬಣ್ಣದ ಆಳ ಇವುಗಳ ಬಗ್ಗೆ ಯಾರೂ ಒಂದು ಮಾತು ಆಡಿದವರಲ್ಲ. ಮೈಕಿನಲ್ಲಿ ಓದಲಿಕ್ಕೆ ಬರುವುದು ಇಂಚು ಮಾತ್ರ. ಇದನ್ನು ನಾನು ವರದಿಯಲ್ಲಿ ಬರೆದಾಗ ಸಾಹೇಬರು, "ಕ್ಯೂಟ್ ಆಗಿದೆ, ಆದ್ರೆ ಡೇಟಾ ಎಲ್ಲಿ?" ಎಂದರು.

ನಮ್ಮತ್ತೆಯನ್ನು ಕೊಟ್ಟಿರುವುದು ಸಿಂಗಸಂದ್ರದ ಹುಣಸೆಮರದ ಮನೆಗೆ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವರ ಬಾಡಿಗೆ ಕಟ್ಟಡಗಳಿವೆ. ಮಾವ ತೀರಿಹೋದ ಮೇಲೆ ಆಕೆಯೇ ಮುಂದೆ ನಿಂತು ಹೊಸ ಮನೆ ಕಟ್ಟಿಸಿದಳು. ಹೆಂಗಸು ಒಬ್ಬಳೇ ನೆಂಟಸ್ತಿಕೆ ಎಲ್ಲಿ ನಿಭಾಯಿಸುತ್ತಾಳೆ ಎಂದು ಗಂಡನ ಕಡೆಯವರು ಆಡಿಕೊಂಡಿದ್ದರು. ಆ ಮಾತು ಆಕೆಯ ಕಿವಿಗೂ ಬಿದ್ದಿತ್ತು. ಅಂದಿನಿಂದ ಬಂದ ಒಂದು ಮುಯ್ಯಿಯನ್ನೂ ಆಕೆ ಹಿಂದಿರುಗಿಸದೆ ಬಿಟ್ಟಿಲ್ಲ.

ಆಕೆಯ ಹೊಸ ಮನೆಯ ಗೃಹಪ್ರವೇಶಕ್ಕೆ ನಾನು ರಜೆ ಕೇಳಲು ಹೋದೆ. ಸಾಹೇಬರ ಕಣ್ಣು ಅರಳಿತು. "ನಾನೂ ಬರ್ತೀನಿ! ರಿಯಲ್ ಯೂಸರ್ಸ್‌ನ ನೋಡ್ಬೇಕು. ಒಂದು ಪ್ರೊಜೆಕ್ಟರ್ ಫ್ರೀಯಾಗಿ ಕೊಟ್ಬಿಡೋಣ. ಅವರ ಮನೇಲಿ ಒಂದಿದ್ರೆ ಇಡೀ ಏರಿಯಾ ಕೊಳ್ಳುತ್ತೆ."

"ಸಾರ್, ಫ್ರೀ ಅಂತ ಅಲ್ಲಿ ಏನೂ ಇರಲ್ಲ, ಅದನ್ನ ಮುಯ್ಯಿ ಅಂತಾರೆ," ಎಂದೆ.

"ಹಾಗಂದ್ರೆ?"

ಹೇಳಿದೆ. ಅವರು ಫೋನಿನಲ್ಲಿ ಏನೋ ಒತ್ತುತ್ತ, "ಕೂಲ್, ಕೂಲ್," ಎಂದರು.

ಬಂದರು. ಮೈಕು ಹಿಡಿದು ಕೂತಿದ್ದವನು ನಮ್ಮ ದೊಡ್ಡಪ್ಪ. ಸಾಹೇಬರು ಬಣ್ಣದ ಕಾಗದ ಸುತ್ತಿದ ಡಬ್ಬಿಯನ್ನು ಅವನ ಮುಂದಿಟ್ಟರು. ಅದು ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡದಿತ್ತು.

"ಏನ್ ಸಾರ್ ಇದು?"

"ಟೀವಿ ಥರಾನೇ. ಗೋಡೆ ಮೇಲೆ ಬೀಳುತ್ತೆ."

"ಎಷ್ಟ್ ಇಂಚು?"

"ಇದಕ್ಕೆ ಇಂಚು ಅಂತ ಇಲ್ಲ. ನೂರೈವತ್ತು ಇಂಚಿನವರೆಗೂ ಹೋಗುತ್ತೆ."

ದೊಡ್ಡಪ್ಪ ಮೊದಲರ್ಧ ಬಿಟ್ಟು ಕೊನೆಯರ್ಧ ಹಿಡಿದುಕೊಂಡ. ಗಂಟಲು ಸರಿಮಾಡಿ ಓದಿದ: "ವೈಟ್‌ಫೀಲ್ಡ್ ಸಾಹೇಬ್ರ ಕಡೆಯಿಂದ, ನೂರೈವತ್ತು ಇಂಚಿನ ಟೀವಿ!"

ಊಟದ ಪಂಕ್ತಿಯಲ್ಲಿ ಸಾರು ಬಡಿಸುತ್ತಿದ್ದವನು ಸೌಟು ಎತ್ತಿಕೊಂಡೇ ನಿಂತ. ಅಷ್ಟೂ ಮುಖ ನಮ್ಮ ಕಡೆ ತಿರುಗಿತು. ನಾನು ಓಡಿಹೋಗಿ, "ದೊಡ್ಡಪ್ಪ, ಅದು ಟೀವಿ ಅಲ್ಲ, ಸರಿಮಾಡಿ ಓದು," ಎಂದೆ.

"ಓದಿದ್ದು ಓದಾಯ್ತಲ್ಲಮ್ಮ. ಉಗಿದಿದ್ ಎಂಜಲು ತಿರ್ಗಾ ಬಾಯಿಗೆ ಹಾಕ್ಕೊಳ್ಳಾಕಾಯ್ತದಾ?"

ಸಾಹೇಬರು ನನ್ನ ಕಿವಿಯ ಹತ್ತಿರ ಬಂದು, "ಮುಖ ನೋಡಿದ್ರಾ ಎಲ್ಲರದೂ? ಟೆಕ್ನಾಲಜಿ ಅಂದ್ರೆ ಇದು," ಎಂದರು. ಆಮೇಲೆ ಡಬ್ಬಿ ಬಿಚ್ಚಿ, ನಡುಹಗಲ ಬಿಸಿಲಿನಲ್ಲಿ, ಶಾಮಿಯಾನದ ಬಿಳಿ ಬಟ್ಟೆಯ ಮೇಲೆ ಸಿನಿಮಾ ಬಿಟ್ಟರು. ಮುಂದೆ ಕೂತಿದ್ದ ಒಬ್ಬ ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು, "ಎಲ್ಲೈತಪ್ಪ ಟೀವಿ?" ಎಂದು ಕೇಳಿದಳು.

"ಬಟ್ಟೆ ಮೇಲೆ ನೋಡಿ ಅಜ್ಜಿ."

"ಬಟ್ಟೆ ಕಾಣ್ತದೆ. ಚೆನ್ನಾಗೈತೆ ಬಟ್ಟೆ."

ಸಾಹೇಬರು ಹೋದ ಮೇಲೆ ಅತ್ತೆ ನನ್ನನ್ನು ಅಡುಗೆಮನೆಗೆ ಎಳೆದುಕೊಂಡಳು. ಕೋಪ ಮಾಡಿಕೊಂಡಿರಲಿಲ್ಲ. ಹೆದರಿದ್ದಳು. ಆಕೆ ಹೆದರಿದ್ದನ್ನು ನಾನು ನೋಡಿದ್ದು ಕಡಿಮೆ.

"ನೂರೈವತ್ತ್ ಇಂಚು ಅಂದ್ಬುಟ್ಟವ್ರೆ ಕಣೆ. ಎಲ್ಲಾರೂ ಕೇಳ್ಕಂಡವ್ರೆ. ನಾನ್ ಇದನ್ನ ಎಂಗ್ ತೀರ್ಸ್ಲಿ?"

"ತೀರಿಸೋದು ಬೇಡ ಅತ್ತೆ. ಅವರು ಅದನ್ನ ಮುಯ್ಯಿ ಅಂತ ಕೊಟ್ಟಿಲ್ಲ."

"ಅವ್ರು ಏನಂತ ಕೊಟ್ರು ಅಂತ ಯಾರ್ ಕೇಳ್ತಾರೆ? ಏನಂತ ಓದಿದ್ರು ಅನ್ನೋದು ಮುಖ್ಯ. ನಿಮ್ ಮಾವನ ಕಡೆಯೋರು ಕಾಯ್ತಾ ಕೂತವ್ರೆ. ನೂರೈವತ್ತು ನುಂಗ್ಕಂಡು ಸುಮ್ಕಾದ್ಲು ಅಂದ್ರೆ ನಾನು ಇನ್ನೊಂದು ಮದ್ವೆ ಮನೇಲಿ ತಲೆ ಎತ್ತಾಂಗಿಲ್ಲ."

ಪ್ರೊಜೆಕ್ಟರು ಆ ಮನೆಯಲ್ಲಿ ಒಂದು ದಿನವೂ ಹೊತ್ತಿಕೊಳ್ಳಲಿಲ್ಲ. ಅರಿಶಿನ ಕುಂಕುಮ ಇಟ್ಟುಕೊಂಡು ಶೋಕೇಸಿನಲ್ಲಿ, ಗೊಂಬೆಗಳ ಪಕ್ಕ ಕೂತಿತು. ಬಂದವರೆಲ್ಲ ಅದನ್ನು ನೋಡಿ, "ಇದೇನಾ ನೂರೈವತ್ತಿಂದು?" ಎಂದು ಕೇಳುತ್ತಿದ್ದರು. ಆಮೇಲೆ, "ಸಾಹೇಬ್ರ ಮನೇಲಿ ಏನಾದ್ರೂ ಕಾರ್ಯ ಐತಾ?" ಎಂದು ಕೇಳುತ್ತಿದ್ದರು. ಎರಡನೆಯ ಪ್ರಶ್ನೆಗೆ ಅತ್ತೆಯ ಮುಖ ಸಣ್ಣದಾಗುತ್ತಿತ್ತು. ಇಡೀ ಏರಿಯಾದಲ್ಲಿ ಒಬ್ಬನಾದರೂ ಪ್ರೊಜೆಕ್ಟರ್ ಕೊಂಡನೇ? ಇಲ್ಲ. ನಾನು ವರದಿಯಲ್ಲಿ ಹಾಗೇ ಬರೆದೆ. "ಇನ್ನೂ ಸ್ವಲ್ಪ ಟೈಮ್ ಕೊಡಿ," ಎಂದರು ಸಾಹೇಬರು.

ಮುಂದಿನ ವರ್ಷ ಅವರು ವೈಟ್‌ಫೀಲ್ಡಿನಲ್ಲೇ ಇನ್ನೂ ದೊಡ್ಡ ಫ್ಲ್ಯಾಟ್ ತೆಗೆದುಕೊಂಡರು. ಸಿನಿಮಾ ನೋಡಲಿಕ್ಕೇ ಒಂದು ಕೋಣೆ ಇರುವ ಫ್ಲ್ಯಾಟ್. ಗೃಹಪ್ರವೇಶದ ಕರೆಯೋಲೆ ಫೋನಿಗೆ ಬಂತು. "ನಿಮ್ಮ ಆಂಟೀನೂ ಕರ್ಕೊಂಡು ಬನ್ನಿ. ನಮ್ಮ ಫಸ್ಟ್ ರಿಯಲ್ ಯೂಸರ್ ಅವರು," ಎಂದರು. ಅತ್ತೆಗೆ ಅದನ್ನು ತೋರಿಸಿದೆ. ಉಡುಗೊರೆ ಬೇಡ ಎಂದು ಕೊನೆಯಲ್ಲಿ ಹಾಕಿದ್ದನ್ನೂ ಮುಚ್ಚಿಡದೆ ಓದಿ ಹೇಳಿದೆ.

"ಎಲ್ಲಾರೂ ಅಂಗೇ ಹಾಕ್ಸ್ತಾರೆ," ಎಂದಳು ಅತ್ತೆ. "ಆಶೀರ್ವಾದವೇ ಉಡುಗೊರೆ ಅಂತ ನಮ್ ಕಾರ್ಡ್‌ನಾಗೂ ಇರ್ಲಿಲ್ವಾ? ಏಳು, ಸೀರೆ ಉಟ್ಕೊ."

ಹೊಸೂರು ರಸ್ತೆಯ ಒಂದು ಶೋರೂಮಿಗೆ ಹೋದೆವು. ಸೇಲ್ಸ್‌ಮನ್ ಕಪ್ಪು ಎಷ್ಟು ಕಪ್ಪಾಗಿ ಕಾಣುತ್ತದೆ ಎಂದು ವಿವರಿಸಲು ಶುರುಮಾಡಿದ.

"ಕಪ್ಪು ಇರ್ಲಪ್ಪ. ನೂರೈವತ್ತು ಇಂಚಿಂದು ತೋರ್ಸು."

"ಅಷ್ಟು ದೊಡ್ಡದು ಇಲ್ಲಿಲ್ಲ ಮೇಡಂ. ಎಪ್ಪತ್ತೈದು ಇದೆ."

ಅತ್ತೆ ಗೋಡೆಯ ತುಂಬ ಹಬ್ಬಿದ್ದ ಆ ಟೀವಿಯನ್ನು ಸ್ವಲ್ಪ ಹೊತ್ತು ನೋಡಿದಳು. "ಎಪ್ಪತ್ತೈದೂ ಎಪ್ಪತ್ತೈದೂ ಎಷ್ಟಾಯ್ತದೆ ಮಗಾ?"

ನನ್ನ ಡಿಗ್ರಿ ಸುಮ್ಮನಿರಲಿಲ್ಲ. ಇಂಚು ಅಳೆಯುವುದು ಮೂಲೆಯಿಂದ ಮೂಲೆಗೆ, ಆದ್ದರಿಂದ ಎರಡು ಎಪ್ಪತ್ತೈದು ಸೇರಿಸಿದರೂ ನೂರೈವತ್ತರ ಅರ್ಧದಷ್ಟು ಜಾಗ ಮಾತ್ರ ತುಂಬುತ್ತದೆ ಎಂದು ಹೇಳಿದೆ.

"ಅದು ನಿನ್ ಕಾಲೇಜ್ ಲೆಕ್ಕ. ಮೈಕಲ್ಲಿ ಅಂಗೆಲ್ಲ ಓದಾಕಿಲ್ಲ," ಎಂದು ಅತ್ತೆ ಎರಡಕ್ಕೂ ಬಿಲ್ ಹಾಕಿಸಿದಳು. ಅಂಗಡಿಯವನ ಸಂತೋಷ ನೋಡಬೇಕಿತ್ತು.

ಟೆಂಪೊದಲ್ಲಿ ಟೀವಿಗಳು, ಹಿಂದೆ ಕಾರಿನಲ್ಲಿ ನಾವು. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯೂರಿಟಿಯವನು ಟೆಂಪೊ ತಡೆದು, "ಡೆಲಿವರಿ ಆ ಕಡೆ," ಎಂದ.

"ಡೆಲಿವರಿ ಅಲ್ಲ ಕಣಪ್ಪ, ಮುಯ್ಯಿ."

ಅವನಿಗೆ ಅರ್ಥವಾಗಲಿಲ್ಲ. ಡೆಲಿವರಿ ಎಂದೇ ಬರೆದುಕೊಂಡು, ಸಾಮಾನು ಸಾಗಿಸುವ ಲಿಫ್ಟಿನ ಪಕ್ಕ ಎರಡೂ ಪೆಟ್ಟಿಗೆ ಇಳಿಸಿಕೊಂಡ. ಊಟ ಕ್ಲಬ್‌ಹೌಸಿನಲ್ಲಿ. ಅಲ್ಲಿ ನಮ್ಮ ಆಫೀಸಿನ ಹುಚ್ಚರೆಲ್ಲ ಸೇರಿದ್ದರು. ಒಬ್ಬ ಹೊಸ ಸ್ಪೀಕರಿನ ಬಗ್ಗೆ ಇನ್ನೊಬ್ಬನಿಗೆ ಹೇಳುತ್ತಿದ್ದ, ಅವನು ಮೊದಲನೆಯವನಿಗೆ ಇನ್ನೊಂದು ಸ್ಪೀಕರಿನ ಬಗ್ಗೆ ಹೇಳುತ್ತಿದ್ದ. ಅವರು ಪ್ರಭಾವ ಬೀರುವುದು ಅವರವರ ಮೇಲೆ ಮಾತ್ರ. ಇದೂ ನನ್ನ ವರದಿಯಲ್ಲಿ ಇತ್ತು.

ಸಾಹೇಬರು ಬಂದು, "ಆಂಟಿ! ಅಯ್ಯೋ, ಎರಡೆರಡು ಟೀವಿನಾ? ಯಾಕೆ ಇದೆಲ್ಲ? ಊಟ ಮಾಡಿ, ಊಟ ಮಾಡಿ," ಎಂದು ತೇಲಿಹೋದರು.

ಅತ್ತೆ ಊಟಕ್ಕೆ ಹೋಗಲಿಲ್ಲ. ಒಂದು ಕಂಬದ ಪಕ್ಕ ನಿಂತು ಸುತ್ತ ನೋಡುತ್ತಿದ್ದಳು. "ಎಲ್ ಓದ್ತಾರೆ ಮಗಾ?"

"ಇಲ್ಲಿ ಓದಲ್ಲ ಅತ್ತೆ."

"ಓದಾಕಿಲ್ವಾ?" ಆಕೆಯ ಮುಖ ಬಾಡಿಹೋಯಿತು. "ಓದ್ದಿದ್ರೆ ಕೊಟ್ಟಂಗೆ ಎಂಗಾಯ್ತದೆ? ಲಿಫ್ಟ್ ತಾವ ಇಳ್ಸ್ ಬಂದಿವ್ನಿ ಅಂತ ಊರಾಗ್ ಏಳ್ಲಾ? ನಂಗ್ ಊಟ ಸೇರಾಕಿಲ್ಲ, ನಡಿ ಓಗಾಣ."

ಮೂಲೆಯಲ್ಲಿ ಸಾಹೇಬರ ಹೊಸ ಆಟಿಕೆ ಇತ್ತು. ಹಾಡು ಹೇಳುವ ಮೈಕು, ಬಣ್ಣದ ದೀಪ ಮಿಣುಕುವ ಸ್ಪೀಕರು. ಇಬ್ಬರು ಇಂಗ್ಲಿಷ್ ಹಾಡೊಂದನ್ನು ಕಷ್ಟಪಟ್ಟು ಕೊಲ್ಲುತ್ತಿದ್ದರು. ನಾನು ಹೋಗಿ ಮೈಕು ಕೇಳಿದೆ, ಹಾಡುತ್ತೇನೆಂದು ತಿಳಿದು ಕೊಟ್ಟರು. ಆಫೀಸಿನಲ್ಲಿ ನಾನು ಗಟ್ಟಿಯಾಗಿ ಮಾತಾಡಿದವಳಲ್ಲ, ಅದರಲ್ಲೂ ಕನ್ನಡದಲ್ಲಿ. ದೊಡ್ಡಪ್ಪನ ಹಾಗೆ ಗಂಟಲು ಸರಿಮಾಡಿಕೊಂಡೆ.

"ಸಿಂಗಸಂದ್ರದ ಹುಣಸೆಮರದ ಮನೆಯವರ ಕಡೆಯಿಂದ, ಮನೆ ಯಜಮಾನರಿಗೆ ಮುಯ್ಯಿ, ಎಪ್ಪತ್ತೈದು ಇಂಚಿನ ಟೀವಿ ಎರಡು, ಒಟ್ಟು ನೂರೈವತ್ತು ಇಂಚು!"

ಸ್ಪೀಕರು ಒಳ್ಳೆಯದೇ. ಈಜುಕೊಳದ ಆಚೆಯ ತನಕ ಕೇಳಿಸಿತು. ಆಮೇಲೆ ಯಾರೋ ಚಪ್ಪಾಳೆ ಹೊಡೆದರು, ಉಳಿದವರೂ ಹೊಡೆದರು, ಯಾತಕ್ಕೆ ಎಂದು ಒಬ್ಬರಿಗೂ ಗೊತ್ತಿರಲಿಲ್ಲ. ಸಾಹೇಬರು ಪಕ್ಕದವನಿಗೆ ಹೇಳಿದ್ದು ಮಾತ್ರ ನನಗೆ ಸ್ಪಷ್ಟವಾಗಿ ಕೇಳಿಸಿತು: "ನೋಡಿದ್ಯಾ? ಒಂದು ಪ್ರೊಜೆಕ್ಟರ್ ಕೊಟ್ಟಿದ್ದೆ ಅಷ್ಟೇ. ಹೆಂಗೆ ಹುಚ್ಚು ಹಿಡಿದಿದೆ ನೋಡು."

ಅತ್ತೆ ಕಂಬ ಬಿಟ್ಟು ಬಂದಳು. ದೊಡ್ಡಪ್ಪನಿಗೆ ಕೇಳಿಸಲೆಂದು ನಾನು ಓದುವಷ್ಟು ಹೊತ್ತೂ ಆಕೆ ಫೋನು ಎತ್ತಿ ಹಿಡಿದಿದ್ದಳೆಂದು ನನಗೆ ಆಗ ಗೊತ್ತಾಯಿತು. "ಕೇಳ್ತಾ? ಎಲ್ಲಾರ್ಗೂ ಏಳ್ಬುಡು," ಎಂದು ಅದಕ್ಕೆ ಹೇಳಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ತೀರ್ತು ಕಣೆ," ಎಂದಳು ನನಗೆ. "ಬಾ, ಹೊಟ್ಟೆ ಹಸೀತಾ ಐತೆ. ಇಲ್ಲಿ ನಿಂತ್ಕಂಡೇ ಉಣ್ಬೇಕಾ?"

ತಟ್ಟೆ ತುಂಬ ಬಡಿಸಿಕೊಂಡು ಮೊದಲ ತುತ್ತಿಗೆ ಮುಂಚೆ ಆಕೆ ನಕ್ಕಳು. ವರ್ಷದಿಂದ ಎದೆಯ ಮೇಲೆ ಕೂತಿದ್ದುದು ಇಳಿದುಹೋದ ನಗು. ಆಗಲೇ ಸಾಹೇಬರ ಕಡೆಯ ಒಬ್ಬ ಫೋನು ಹಿಡಿದುಕೊಂಡು ಮುಂದೆ ಬಂದ, "ಆಂಟಿ, ಹಾಗೇ ನಗ್ತಾ ಇರಿ," ಎಂದ.