ಹಮೀದ್ ಸಾಬ್ರು ಇಳಿದ ತಿರುವು

ಬಿಸಿ ಡಾಂಬರಿನ ವಾಸನೆ ಬಂದರೆ ಜನ ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಇನ್ನೊಂದು ಸಲ ಎಳೆದುಕೊಳ್ಳುತ್ತೇನೆ. ಮೊನ್ನೆ ಕೊಪ್ಪದಲ್ಲಿ ಸ್ಕೂಟರ್ ಪಂಚರಾಗಿ ಅಂಗಡಿ ಮುಂದೆ ಕೂತಿದ್ದಾಗಲೂ ಹಾಗೇ ಆಯಿತು. ಎದುರಿನ ರಸ್ತೆಗೆ ಮತ್ತೆ ಡಾಂಬರು ಬೀಳುತ್ತಿತ್ತು.

ನರಸಿಂಹರಾಜಪುರದಿಂದ ಕೊಪ್ಪ, ಶೃಂಗೇರಿ ಹಾದು ಕೆರೆಕಟ್ಟೆಗೆ ಹೋಗುವ ಈ ಹೆದ್ದಾರಿ ನೆಟ್ಟಗೆ ಹೋಗಲು ಕಲಿತದ್ದೇ ಇಲ್ಲ. ಹಿಂದೆ ಎತ್ತು ಏದುಸಿರು ಬಿಟ್ಟಲ್ಲೆಲ್ಲ ಗಾಡಿ ತಿರುಗಿಸಿದರಂತೆ. ಜಲ್ಲಿ ಹಾಕಿದವರೂ ಡಾಂಬರು ಹಾಕಿದವರೂ ಅದೇ ತಿರುವು ಹಿಡಿದರು. ಆಮೇಲೆ ಅದನ್ನು ಅಗಲ ಮಾಡುವಾಗ ಬಂದ ನಾನು ಗುತ್ತಿಗೆದಾರರ ಬಳಿ ಲೆಕ್ಕ ಬರೆಯುವ ರೈಟರ್. ಕಿವಿಗೆ ಪೆನ್ನು ಸಿಕ್ಕಿಸಿದರೆ ಎಂಜಿನಿಯರ್ ಆದೆನೆಂಬ ಗತ್ತು ಬೇರೆ.

ರೋಲರ್ ಓಡಿಸುತ್ತಿದ್ದವರು ಹಮೀದ್ ಸಾಬ್ರು. ನಡೆಯುವವರಿಗಿಂತ ನಿಧಾನ ಹೋಗುತ್ತ ರಸ್ತೆಯ ಗೇಣು ಗೇಣನ್ನೂ ಬಲ್ಲವರು. ಕೆರೆಕಟ್ಟೆ ಹತ್ತಿರದ ತಿರುವಿನಲ್ಲಿ ಒಂದು ದಿನ ರೋಲರ್ ನಿಲ್ಲಿಸಿ ಇಳಿದೇಬಿಟ್ಟರು. ಅಂಚಿನಡಿ ಮಣ್ಣು ಪೊಳ್ಳು, ಅಗೆದು ಕಲ್ಲು ಕಟ್ಟಬೇಕು ಎಂದರು. ಸಂಜೆಯೊಳಗೆ ಮುಗಿಯದಿದ್ದರೆ ನನ್ನನ್ನು ಮನೆಗೆ ಕಳಿಸುವುದಾಗಿ ಗುತ್ತಿಗೆದಾರರು ಗದರಿದ್ದರು. ಏನೂ ಆಗುವುದಿಲ್ಲ, ಉರುಳಿಸಿ ಎಂದೆ.

"ಹಂಗಾರೆ ನೀವೇ ಹತ್ತಿ ಮಾರಾಯ್ರೆ," ಎಂದು ಸೀಟು ತೋರಿಸಿದರು. "ನಾವು ಹೆದರೋ ಜಾಗದಲ್ಲಿ ಜನ ತುಂಬಿದ ಬಸ್ಸು ಬಿಡೋದು ಎಂತ ನ್ಯಾಯ?"

ಕೆಳಗಿನ ಹಳ್ಳ ನೋಡಿ ನಾನು ಹಿಂದೆ ಸರಿದೆ. ಹಾಗಂತ ನಿಜ ಬರೆಯುವ ಧೈರ್ಯವೂ ಬರಲಿಲ್ಲ ನೋಡಿ. ಡ್ರೈವರ್ ಕುಡಿದು ಬಂದಿದ್ದಾನೆ, ಕೆಲಸ ನಿಂತಿದೆ ಎಂದು ಗುತ್ತಿಗೆದಾರರಿಗೆ ಬರೆದುಕೊಟ್ಟೆ. ಹೆಂಡದ ಅಂಗಡಿಯ ನೆರಳೂ ತುಳಿಯದ ಸಾಬ್ರನ್ನು ಅಂದೇ ತೆಗೆದುಹಾಕಿದರು. ಮೂರನೇ ದಿನದ ಮಳೆಗೆ ಆ ಅಂಚು ಹಳ್ಳಕ್ಕೆ ಕುಸಿಯಿತು. ಆಮೇಲೆ ಕಲ್ಲಿನ ಗೋಡೆ ಕಟ್ಟಿದರು. ನನ್ನ ಕೆಲಸ ಉಳಿಯಿತು. ಕುಡುಕನೆಂಬ ಹೆಸರು ಬಿದ್ದ ಸಾಬ್ರನ್ನು ಮತ್ತೆ ಯಾರೂ ರೋಲರ್ ಹತ್ತಿಸಲಿಲ್ಲ. ಮುಂದೆ ಸಂತೆಯಲ್ಲಿ ಸಿಕ್ಕಾಗ ತಲೆ ತಗ್ಗಿಸಿದ ನನ್ನನ್ನು ಅವರೇ ಮಾತಾಡಿಸಿ, ಗೋಡೆ ಗಟ್ಟಿಯಾಗಿ ಕಟ್ಟಿದ್ದಾರೆ, ಅಷ್ಟು ಸಾಕು ಎಂದರು. ಅಂಥ ದೊಡ್ಡ ಮನಸ್ಸನ್ನು ನಾನು ಇನ್ನೊಬ್ಬರಲ್ಲಿ ಕಂಡಿಲ್ಲ.

ಮೊನ್ನೆ ಪಂಚರ್ ಹಾಕುತ್ತಿದ್ದವನು ಅವರ ಮಗನೆಂದು ಮಾತಿನಲ್ಲಿ ತಿಳಿಯಿತು. ಅಪ್ಪ ತೀರಿಹೋಗಿ ಬಹಳ ಕಾಲವಾಯಿತಂತೆ.

"ಅಪ್ಪ ಕುಡಿಯೋರಲ್ಲ. ಅದೊಂದಿನ ಯಾಕೆ ಕುಡುದ್ರೋ, ಕೊನೇವರೆಗೂ ಹೇಳ್ಲಿಲ್ಲ," ಎಂದ.

"ಕುಡಿದಿರ್ಲಿಲ್ಲ ಮಾರಾಯ," ಎಂದೆ. "ಸುಳ್ಳು ಬರ್ದವ್ನು ನಾನು."

ಅವನು ಟ್ಯೂಬು ಕೆಳಗಿಟ್ಟು ನನ್ನನ್ನೇ ನೋಡಿದ. ಬೈಯಲಿ ಎಂದು ಕಾದೆ. ಅವನು ಕೈ ಒರೆಸಿಕೊಂಡು ಅಂಗಡಿಯ ಬಾಗಿಲು ಎಳೆದ.

"ಅಮ್ಮ ಮನೇಲಿದ್ದಾರೆ," ಎಂದ. "ಬನ್ನಿ, ಅವರೆದುರಿಗೆ ಹೇಳಿ."