ಯಂತ್ರ ಮಾತಾಡುವ ಮೊದಲು

ಅಂಗಡಿಯ ಹಿಂದಿನ ಕೋಣೆಯನ್ನು ಖಾಲಿ ಮಾಡುತ್ತಿದ್ದೇನೆ. ಕೀಲಿ ಉದುರಿದ ಕೀಬೋರ್ಡುಗಳು, ಹೊಟ್ಟೆ ತೆರೆದ ಸಿಪಿಯು ಡಬ್ಬಿಗಳು, ಯಾರೂ ತೆಗೆದುಕೊಂಡು ಹೋಗದ ಮಾನಿಟರುಗಳು. ಇವುಗಳ ನಡುವೆ ಅಂಗಿಯ ಗುಂಡಿಗಿಂತ ಸ್ವಲ್ಪ ದೊಡ್ಡದಾದ, ಎರಡು ವಯರಿನ ಬಾಲವಿದ್ದ ಕಪ್ಪು ಸ್ಪೀಕರೊಂದು ಸಿಕ್ಕಿತು. ಹಿಂದೆ ಪ್ರತಿ ಕಂಪ್ಯೂಟರಿನೊಳಗೂ ಇಂಥದೊಂದು ಇರುತ್ತಿತ್ತು. ಸ್ವಿಚ್ ಒತ್ತಿದಾಗ ‘ಪೀಂ’ ಎನ್ನುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿರಲಿಲ್ಲ. ಈಗಿನವುಗಳಲ್ಲಿ ಅದೂ ಇಲ್ಲ. ಗುಜರಿ ಚೀಲಕ್ಕೆ ಹಾಕಲು ಕೈ ಹೋಯಿತು, ಹಾಕಲಾಗಲಿಲ್ಲ. ಸ್ವಲ್ಪ ಪುರಸೊತ್ತಿದ್ದರೆ ಕೂತುಕೊಳ್ಳಿ. ಸಿದ್ದಾಪುರದ ಅಕ್ಕ ತಮ್ಮನ ವಿಷಯ ಹೇಳುತ್ತೇನೆ.

ನಾನು ಬನವಾಸಿ ಕಡೆಯವನು. ತೊಂಬತ್ತರ ದಶಕದ ಕೊನೆಗೆ ಶಿರಸಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ತೆರೆದೆ. ಆಗ ಕಂಪ್ಯೂಟರ್ ಪತ್ರಿಕೆಗಳ ಜೊತೆ ಸಿ.ಡಿ. ಬರುತ್ತಿತ್ತು. ಒಂದು ಸಲ ಅದರಲ್ಲಿ ಲಿನಕ್ಸ್ ಬಂತು. ಹಾಕಿ ನೋಡಿದೆ. ಹೊಸದು ಏಳಲಿಲ್ಲ, ಮೊದಲಿದ್ದದ್ದೂ ಹೋಯಿತು. ಮತ್ತೆ ಹಾಕಿದೆ, ಮತ್ತೆ ಹಾಳು ಮಾಡಿದೆ. ಹೀಗೆ ಹಾಳು ಮಾಡುತ್ತಲೇ ಕಲಿತು, ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕಿಗೆ ಲಿನಕ್ಸ್ ಬಲ್ಲವನು ನಾನೊಬ್ಬನೇ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಅಲ್ಲವೆನ್ನಲು ಇನ್ನೊಬ್ಬ ಬೇಕಲ್ಲ.

ಆ ಹೆಸರು ಕೇಳಿಯೇ ಶ್ರೀಪಾದ ಬಂದದ್ದು. ಹುಟ್ಟಿನಿಂದ ಅವನಿಗೆ ಕಣ್ಣಿಲ್ಲ. ದೂರದ ಅಂಧರ ಶಾಲೆಯಲ್ಲಿ ಓದಿ ಬಂದು ಸಿದ್ದಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ಎಸ್‌ಟಿಡಿ ಬೂತ್ ಇಟ್ಟುಕೊಂಡಿದ್ದ. ಜನರ ಕೈಗೆ ಮೊಬೈಲ್ ಬರುತ್ತಿದ್ದ ಹಾಗೆ ಬೂತ್ ಮುಚ್ಚಿತು. ಆಮೇಲೆ, ಪರದೆಯ ಮೇಲಿನದನ್ನು ಓದಿ ಹೇಳುವ ಕಂಪ್ಯೂಟರ್ ಇದೆಯಂತೆ ಎಂದು ಎಲ್ಲಿಯೋ ಕೇಳಿಕೊಂಡು ನನ್ನ ಅಂಗಡಿಗೆ ಬಂದ. ಲಿನಕ್ಸಿನಲ್ಲಿ ಅಂಥ ಓದುವ ಪ್ರೋಗ್ರಾಂ ಪುಕ್ಕಟೆ ಸಿಗುತ್ತಿತ್ತು. ನೆಗಡಿಯಾದವನ ದನಿಯಲ್ಲಿ, ಏರಿಳಿತವಿಲ್ಲದೆ, ಇಂಗ್ಲಿಷನ್ನೂ ಕನ್ನಡವನ್ನೂ ಓದುತ್ತಿತ್ತು. ಶ್ರೀಪಾದನಿಗೆ ಅದೇ ಸಾಕಾಯಿತು. ವರ್ಷ ತುಂಬುವುದರೊಳಗೆ ನನಗಿಂತ ಬೇಗ ಟೈಪ್ ಮಾಡುತ್ತಿದ್ದ.

ಮನೆಯಲ್ಲಿ ಅವನ ಜೊತೆಗಿದ್ದವಳು ಅಕ್ಕ ಭಾಗೀರಥಿ. ಎಲ್ಲರ ಬಾಯಲ್ಲಿ ಭಾಗಕ್ಕ. ಅಪ್ಪ ಅಮ್ಮ ಹೋದ ಮೇಲೆ ತಮ್ಮನನ್ನು ಸಾಕಿದವಳು ಅವಳೇ. ಮದುವೆಯಾಗಿರಲಿಲ್ಲ. ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು. ಕಲಿತದ್ದು ನಾಲ್ಕನೇ ಇಯತ್ತೆ. ಕನ್ನಡ ಓದುತ್ತಿದ್ದಳು, ಬಸ್ಸಿನ ಟಿಕೆಟಿನ ಅಂಕಿ ಗೊತ್ತಿತ್ತು. ಇಂಗ್ಲಿಷಿನ ಒಂದಕ್ಷರವೂ ಗೊತ್ತಿರಲಿಲ್ಲ. ಅಕ್ಕ ತಮ್ಮನ ಮನೆಮಾತಿನಲ್ಲಿ ‘ಆನು’ ಎಂದರೆ ನಾನು, ‘ಯಂಗೆ’ ಎಂದರೆ ನನಗೆ, ‘ಆಜು’ ಎಂದರೆ ಆಯಿತು, ‘ಮಾಡಡ’ ಎಂದರೆ ಮಾಡಬೇಡ.

ಭಾಷಣಗಳ ಧ್ವನಿಮುದ್ರಣ ಕೇಳಿ ಟೈಪ್ ಮಾಡಿಕೊಡುವ ಕೆಲಸ ಶ್ರೀಪಾದನಿಗೆ ಸಿಕ್ಕಿತು. ಆದರೆ ಕೆಲಸ ಕೊಟ್ಟವರು ಬಳಸುತ್ತಿದ್ದ ಕನ್ನಡ ತಂತ್ರಾಂಶ ಲಿನಕ್ಸಿನಲ್ಲಿ ನಡೆಯುತ್ತಿರಲಿಲ್ಲ. ಅದಕ್ಕಾಗಿ ಅವನ ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಇದ್ದ ಹಾಗೆ ಮಾಡಿಕೊಟ್ಟೆ. ವರ್ಚುವಲ್ ಯಂತ್ರ ಎನ್ನುತ್ತಾರೆ. ಹೊರಗಿನದು ಲಿನಕ್ಸ್, ಅದರ ಹೊಟ್ಟೆಯಲ್ಲಿ ಬೇರೊಂದು. ಇದು ನಡೆಯಲು ಬೇರೆ ಥರದ ಕರ್ನಲ್ ಬೇಕಿತ್ತು. ಕರ್ನಲ್ ಎಂದರೆ ಯಂತ್ರ ಏಳುವಾಗ ಮೊದಲು ಎಚ್ಚರಾಗಿ ಉಳಿದೆಲ್ಲವನ್ನೂ ಎಬ್ಬಿಸುವ ಪ್ರೋಗ್ರಾಂ. ಈಗ ಆ ಯಂತ್ರದಲ್ಲಿ ಎರಡು ಕರ್ನಲ್ ಆದವು, ಒಂದು ಹಳೆಯದು, ಒಂದು ವರ್ಚುವಲ್ ಕೆಲಸದ್ದು. ಯಾವುದನ್ನು ಎಬ್ಬಿಸಲಿ ಎಂದು ಪರದೆಯ ಮೇಲೆ ಪಟ್ಟಿ ತೋರಿಸಿ ಕೇಳುವುದು ಬೂಟ್ ಲೋಡರಿನ ಕೆಲಸ. ಸ್ವಲ್ಪ ಹೊತ್ತು ಕಾಯುತ್ತದೆ, ಯಾರೂ ಏನೂ ಒತ್ತದಿದ್ದರೆ ಮೊದಲ ಸಾಲಿನದನ್ನು ಎಬ್ಬಿಸುತ್ತದೆ.

ಕಣ್ಣಿದ್ದವರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಓದಿ ಹೇಳುವ ಆ ದನಿ ಮಾತ್ರ ಕರ್ನಲ್ ಎದ್ದು, ಉಳಿದದ್ದೆಲ್ಲ ಎದ್ದ ಮೇಲೆ ಬರುವಂಥದು. ಅದಕ್ಕೂ ಮೊದಲು ಏನಾದರೂ ಕೆಟ್ಟರೆ ಶ್ರೀಪಾದನಿಗೆ ಉಳಿಯುವುದು ಫ್ಯಾನಿನ ಸದ್ದು ಮಾತ್ರ.

ಒಂದು ಬೆಳಿಗ್ಗೆ ಫೋನ್ ಬಂತು. “ಮಷೀನು ಮಾತಾಡ್ತಿಲ್ಲೆ,” ಎಂದ ಶ್ರೀಪಾದ. ಹಿಂದಿನ ದಿನ ಲಿನಕ್ಸನ್ನು ಅಪ್‌ಡೇಟ್ ಮಾಡಿದ್ದನಂತೆ. ಪರದೆಯಲ್ಲಿ ಏನಿದೆ ಎಂದು ಕೇಳಿದೆ. ಕೇಳಿದ ಮೇಲೆ ನನಗೇ ನಾಚಿಕೆಯಾಯಿತು. ಅವನು ಬೇಸರಿಸಿಕೊಳ್ಳದೆ, “ಅಕ್ಕನ ಹತ್ರ ಕೊಡ್ತೆ,” ಎಂದ.

ಭಾಗಕ್ಕ ಫೋನ್ ತೆಗೆದುಕೊಂಡಳು. “ಕಪ್ಪು ಪರದೆ. ಬಿಳಿ ಅಕ್ಷರ. ಇಂಗ್ಲಿಷು, ಯಂಗೆ ಬತ್ತಿಲ್ಲೆ ತಮಾ.”

“ಕೊನೇ ಸಾಲಿನ ಮೊದಲ ಅಕ್ಷರ ಹೆಂಗೈತಿ, ಅದನ್ನಷ್ಟ ಹೇಳ್ರಿ ಅಕ್ಕಾ.”

ಅವಳು ತುಸು ಹೊತ್ತು ನೋಡಿದಳು. “ಒಂದು ನೆಟ್ಟ ಕೋಲು. ಅದಕ್ಕೆ ಎರಡು ಕೈ, ಒಂದು ಮೇಲೆ, ಒಂದು ಕೆಳಗೆ.”

ಕೆ ಎಂದು ಬರೆದುಕೊಂಡೆ. ಮುಂದಿನದು ಅರ್ಧ ಮುಚ್ಚಿದ ಬಾಯಿಯಂತೆ. ಆಮೇಲೆ ಒಂದು ಕೊಕ್ಕೆ. ಆಮೇಲೆ ಬಾಗಿಲಿನ ಚೌಕಟ್ಟು. ಪರದೆಯ ಎದುರಿಗೆ ಕೂತ ಶ್ರೀಪಾದನಿಗೆ ಆ ಅಕ್ಷರಗಳ ಹೆಸರೆಲ್ಲ ಗೊತ್ತು, ಅವುಗಳ ಆಕಾರ ಗೊತ್ತಿಲ್ಲ. ಅವಳಿಗೆ ಆಕಾರ ಕಾಣುತ್ತದೆ, ಹೆಸರು ಗೊತ್ತಿಲ್ಲ. ಒಂದೇ ಮನೆಯಲ್ಲಿ ಅಷ್ಟು ವರ್ಷ ಬಾಳಿದ ಇಬ್ಬರ ನಡುವೆ ಶಿರಸಿಯಲ್ಲಿ ಕೂತ ನಾನು ದಾಟಿಸುವವನಾದೆ. ಸಾಲಿನ ಕೊನೆಗೆ ಅವಳು ದಣಿದು, “ಇದೂ ಮೇಲಿಂದೇ ಥರ ಇದ್ದು ಕಾಣ್ತು,” ಎಂದಳು.

“ಊಹೆ ಬ್ಯಾಡ್ರಿ ಅಕ್ಕಾ. ಇದ್ದದ್ದು ಇದ್ದಂಗ ಹೇಳ್ರಿ. ಅರ್ಥ ನಾ ಹೇಳ್ತೀನಿ.”

ಸಾಲು ಪೂರ್ತಿಯಾದಾಗ ವಿಷಯ ತಿಳಿಯಿತು. ಅಪ್‌ಡೇಟಿನಲ್ಲಿ ಹೊಸ ವರ್ಚುವಲ್ ಕರ್ನಲ್ ಬಂದು ಪಟ್ಟಿಯ ಮೊದಲ ಸಾಲಿಗೆ ಕೂತಿದೆ. ಅದು ಏಳುತ್ತದೆ, ಆದರೆ ಹಾರ್ಡ್ ಡಿಸ್ಕನ್ನು ಗುರುತಿಸಲಾಗದೆ ಅಲ್ಲೇ ನಿಂತುಬಿಡುತ್ತದೆ. ಹಳೆಯ ಕರ್ನಲ್ ಕೆಳಗಿನ ಸಾಲಿನಲ್ಲಿ ಕ್ಷೇಮವಾಗಿ ಇರಲೇಬೇಕು. ಯಂತ್ರ ಆರಿಸಿ ಮತ್ತೆ ಹಾಕಿಸಿದೆ. ಪಟ್ಟಿ ಕಂಡ ಕೂಡಲೇ ಬಾಣದ ಕೀ ಒತ್ತಲು ಶ್ರೀಪಾದನಿಗೆ ಹೇಳಿದೆ, ಒತ್ತಿದರೆ ಅದು ಕಾಯುತ್ತದೆ. ವರ್ಚುವಲ್ ಕರ್ನಲಿನ ಹೆಸರಲ್ಲಿ ‘ಎಕ್ಸ್’ ಇರುತ್ತದೆ. “ಗುಣಾಕಾರದ ಚಿಹ್ನೆ ಇರೋ ಸಾಲು ಬಿಟ್ಟು ಬ್ಯಾರೇದು ಹುಡುಕ್ರಿ,” ಎಂದೆ.

“ಎಲ್ಲಾ ಸಾಲಲ್ಲೂ ಗುಣಾಕಾರ ಇದ್ದಲ, ತಮಾ.”

ಲಿನಕ್ಸ್ ಎನ್ನುವ ಹೆಸರಿನಲ್ಲೇ ಒಂದು ಎಕ್ಸ್ ಇದೆ ಎಂಬುದು ಮೂರು ತಾಲೂಕಿನ ಲಿನಕ್ಸ್ ಪಂಡಿತನಿಗೆ ಮರೆತುಹೋಗಿತ್ತು. “ಹಂಗಾದ್ರ ಒಂದೇ ಗುಣಾಕಾರ ಇರೋ ಸಾಲು,” ಎಂದೆ. ಅವಳು ಹುಡುಕಿದಳು. ಅವನು ಕೆಳಕ್ಕೆ ಇಳಿಸುತ್ತ ಹೋದ. “ಅಲ್ಲಿ ನಿಲ್ಸು,” ಎಂದಳು ತಮ್ಮನಿಗೆ. ಅವನು ಎಂಟರ್ ಒತ್ತಿದ. ಮೂವರೂ ಕಾದೆವು. ಆಮೇಲೆ ಫೋನಿನಲ್ಲಿ ನೆಗಡಿಯ ದನಿ ಕೇಳಿಸಿತು.

“ಮಾತಾಡ್ತು,” ಎಂದಳು ಭಾಗಕ್ಕ. ಮಗುವೊಂದರ ವಿಷಯ ಹೇಳಿದ ಹಾಗಿತ್ತು.

ಮರುದಿನ ಸಿದ್ದಾಪುರಕ್ಕೆ ಹೋಗಿ ಸರಿಮಾಡಿದೆ. ಕರ್ನಲ್ ಏಳುವಾಗ ಜೊತೆಗೊಯ್ಯುವ ಸಣ್ಣ ಗಂಟಿನಲ್ಲಿ ಡಿಸ್ಕನ್ನು ಗುರುತಿಸುವ ಪ್ರೋಗ್ರಾಂ, ಡ್ರೈವರ್, ಸೇರಿರಲಿಲ್ಲ. ಗಂಟನ್ನು ಹೊಸದಾಗಿ ಕಟ್ಟಿಸಿದೆ, ಎದ್ದಿತು. ಆದರೂ ಆಮೇಲೆ ಬಂದ ಅಪ್‌ಡೇಟುಗಳಲ್ಲಿ ಒಮ್ಮೊಮ್ಮೆ ಪಟ್ಟಿಯ ಕ್ರಮ ಬದಲಾಗುವುದು, ಒಮ್ಮೊಮ್ಮೆ ಕರ್ನಲ್ ನಡುದಾರಿಯಲ್ಲಿ ನಿಲ್ಲುವುದು ನಡೆದೇ ಇತ್ತು. ಪ್ರತಿ ಸಲ ಭಾಗಕ್ಕನ ಫೋನ್. ಒಂದು ಸಲ ಅವಳು ಕೋಲು, ಕೊಕ್ಕೆ ಎನ್ನಲಿಲ್ಲ, “ಕೆ, ಇ, ಆರ್, ಎನ್” ಎಂದಳು. ಪೇಟೆಯಿಂದ ಮಕ್ಕಳ ಅಕ್ಷರಮಾಲೆ ತಂದು, ತಾನು ಆಕಾರ ಹೇಳಿ, ತಮ್ಮನಿಂದ ಹೆಸರು ಹೇಳಿಸಿಕೊಂಡು ಕಲಿತಿದ್ದಳು. ಸೋಪಿನ ಹೊದಿಕೆ, ಗುಳಿಗೆಯ ಪಟ್ಟಿ, ಲಾರಿಯ ಹಿಂಬದಿ ಎಲ್ಲವನ್ನೂ ಓದುತ್ತಾಳೆ ಎಂದು ಶ್ರೀಪಾದ ನಗುತ್ತಿದ್ದ. ಅರ್ಥ ಆಗುತ್ತಿರಲಿಲ್ಲ. ಅಕ್ಷರ ಮಾತ್ರ ತಪ್ಪುತ್ತಿರಲಿಲ್ಲ.

ಆ ವರ್ಷವೇ ಅವಳ ಹೊಟ್ಟೆನೋವು ಶುರುವಾದದ್ದು. ಶಿರಸಿಯಲ್ಲಿ ತೋರಿಸಿದರು, ಅಲ್ಲಿಂದ ಹುಬ್ಬಳ್ಳಿಗೆ ಕಳಿಸಿದರು. ಹೊಟ್ಟೆಯಲ್ಲಿ ಹುಣ್ಣಾಗಿದೆ, ಔಷಧಿಗೆ ಹೋಗುತ್ತದೆ ಎಂದು ಶ್ರೀಪಾದ ಅವಳಿಗೂ ನನಗೂ ಹೇಳಿದ್ದ.

ಒಂದು ಮಧ್ಯಾಹ್ನ ಅಂಗಡಿಯಲ್ಲಿದ್ದಾಗ ಅವಳ ಫೋನ್ ಬಂತು. ಎಂದಿನಂತೆ ಯಂತ್ರ ನಿಂತಿರಬೇಕು ಎಂದುಕೊಂಡು ಪೆನ್ನು ತೆಗೆದುಕೊಂಡೆ.

“ತಮಾ, ಬರ್ಕ. ಓ, ಎನ್, ಸಿ, ಓ, ಎಲ್, ಓ, ಜಿ, ವೈ.” ನಿಧಾನವಾಗಿ, ಒಂದೊಂದೇ. “ಗುಂಡು ಮೂರು ಸಲ ಬತ್ತು, ಆನು ಎರಡು ಸಲ ನೋಡಿದ್ದಿ.”

ಬರೆದುಕೊಂಡೆ. ಬರೆದದ್ದನ್ನು ನೋಡುತ್ತ ಕೂತೆ. “ಇದು ಯಾವ ಪರದೆ ಮ್ಯಾಲೆ ಬಂತು ಅಕ್ಕಾ?”

“ಪರದೆ ಅಲ್ಲ. ಹುಬ್ಬಳ್ಳಿ ಆಸ್ಪತ್ರೆ. ಶ್ರೀಪಾದ ಡಾಕ್ಟ್ರ ಹತ್ರ ಒಳಗಿದ್ದ, ಆನು ಹೊರಗೆ ಬೆಂಚಿನ ಮೇಲೆ. ಬಾಗಿಲ ಮೇಲೆ ಬರದ್ದ. ಎಂತ ಇದು?”

ಅದೊಂದು ವಿಭಾಗದ ಹೆಸರು ಎಂದೆ. ಯಾವ ವಿಭಾಗ ಎಂದಳು. ಡಾಕ್ಟರನ್ನೇ ಕೇಳಿದರೆ ಒಳ್ಳೆಯದಲ್ಲವೇ, ಶ್ರೀಪಾದ ಏನೆಂದ ಎಂದು ಏನೇನೋ ತಡವರಿಸಿದೆ. ಅವಳು ಕೇಳಿಸಿಕೊಂಡಳು. ಆಮೇಲೆ ಅಂದಳು: “ಅಕ್ಷರ ಆನು ಹೇಳವು, ಅರ್ಥ ನೀ ಹೇಳವು. ಹಂಗೆ ಅಲ್ದಾ ನಮ್ಮ ಮಾತು ಇದ್ದಿದ್ದು? ಆನು ಊಹೆ ಮಾಡಿದ್ದಿಲ್ಲೆ. ನೀನೂ ಸುತ್ತಿ ಬಳಸಿ ಹೇಳಡ.”

ಕ್ಯಾನ್ಸರಿಗೆ ಔಷಧಿ ಕೊಡುವ ವಿಭಾಗ ಎಂದು ಹೇಳಿದೆ. ಅಂಗಡಿಯ ಎದುರು ಯಲ್ಲಾಪುರದ ಬಸ್ಸು ಹಾರ್ನ್ ಹಾಕುತ್ತ ಹೋಯಿತು.  

“ಹ್ಞಾ,” ಎಂದಳು. “ಯಂಗೆ ಗೊತ್ತಾಜು ಹೇಳಿ ಅಂವಂಗೆ ಹೇಳಡ. ಪಾಪ, ಅಂವ ಕಷ್ಟಪಟ್ಟು ಮುಚ್ಚಿಟ್ಟಿದ್ದ.” ಆಮೇಲೆ ಕೇಳಿದಳು: “ಆ ಮಷೀನು ಆನು ಇಲ್ದೇ ಹೋದ್ರೂ ಏಳ ಹಂಗೆ ಮಾಡಿಕೊಡ್ಲೆ ಆಗ್ತಾ?”

ಮಾಡಿಕೊಡುತ್ತೇನೆ ಎಂದೆ. ಅದೇ ವಾರ ಶ್ರೀಪಾದನೂ ಫೋನ್ ಮಾಡಿದ. ಅಕ್ಕನನ್ನು ಇನ್ನು ಪರದೆಯ ಮುಂದೆ ಕೂರಿಸಿ ತ್ರಾಸು ಕೊಡಬಾರದು, ಯಂತ್ರವನ್ನು ತಾನೊಬ್ಬನೇ ಎಬ್ಬಿಸುವ ದಾರಿ ಇದೆಯೇ ಎಂದು ಕೇಳಿದ. ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಒಂದೇ ಕೆಲಸ ಕೊಟ್ಟಿದ್ದರು. ನಾನು ಇಬ್ಬರಿಗೂ ಹೂಂ ಅಂದವನು.

ಬೂಟ್ ಲೋಡರಿನ ಹೊಸ ಆವೃತ್ತಿಯಲ್ಲಿ ಒಂದು ಸೌಲಭ್ಯ ಬಂದಿತ್ತು. ಪಟ್ಟಿ ಪರದೆಗೆ ಬಂದ ಕೂಡಲೇ ಒಳಗಿನ ಪುಟ್ಟ ಸ್ಪೀಕರಿನಿಂದ ಒಂದು ಸ್ವರ ನುಡಿಸಬಹುದಿತ್ತು. ಸಿದ್ದಾಪುರಕ್ಕೆ ಹೋಗಿ ಅದನ್ನು ಹಾಕಿದೆ. ಹಳೆಯ ಕರ್ನಲ್ ಯಾವ ಅಪ್‌ಡೇಟ್ ಬಂದರೂ ಮೊದಲ ಸಾಲಿನಲ್ಲೇ ಇರುವಂತೆ, ವರ್ಚುವಲ್ ಕರ್ನಲ್ ಎರಡನೆಯದರಲ್ಲಿ ಇರುವಂತೆ ಕಟ್ಟಿದೆ. ಪಟ್ಟಿ ತಾನಾಗಿ ಮುಂದೆ ಹೋಗದೆ ಅವನು ಒತ್ತುವವರೆಗೆ ಕಾಯುವಂತೆ ಮಾಡಿದೆ. ಸದ್ದು ಕೇಳಿದ ಮೇಲೆ ಒಮ್ಮೆ ಕೆಳಬಾಣ, ಆಮೇಲೆ ಎಂಟರ್. ಎಷ್ಟು ಹೊತ್ತಾದರೂ ಯಂತ್ರ ಮಾತಾಡದಿದ್ದರೆ ಆರಿಸಿ ಮತ್ತೆ ಹಾಕಿ, ಸದ್ದು ಕೇಳಿದ ಮೇಲೆ ಬರೀ ಎಂಟರ್, ಹಳೆಯ ಕರ್ನಲ್ ಏಳುತ್ತದೆ.

ಭಾಗಕ್ಕ ಗೋಡೆಗೆ ಒರಗಿ ಕೂತು ನೋಡುತ್ತಿದ್ದಳು. ಬಹಳ ಇಳಿದಿದ್ದಳು. ಬೇಕಾದರೆ ನಿಮಗೆ ಇಷ್ಟದ ಹಾಡಿನ ಒಂದು ಸಾಲನ್ನೇ ಸ್ವರ ಮಾಡಿ ಹಾಕುತ್ತೇನೆ ಎಂದೆ. ದೊಡ್ಡ ಉಪಕಾರ ಮಾಡುವವನ ಧಾಟಿಯಲ್ಲಿ ಹೇಳಿದ್ದಿರಬೇಕು.

“ಹಾಡು ಎಂತಕ್ಕೆ?” ಎಂದಳು. “ಕೆಲಸಕ್ಕೆ ಕೂತಂವಂಗೆ ಒಂದು ಸದ್ದು ಸಾಕು.”

ಒಂದೇ ಸದ್ದು ಹಾಕಿದೆ. ಶ್ರೀಪಾದ ಯಂತ್ರ ಆರಿಸಿ, ಹಾಕಿ, ಸದ್ದು ಬಂದ ಮೇಲೆ ಬಾಣ ಒತ್ತಿ, ಎಂಟರ್ ಒತ್ತಿ ಕಾದ. ಭಾಗಕ್ಕ ಪರದೆಯ ಕಡೆ ನೋಡಲಿಲ್ಲ. ಅವನ ಮುಖ ನೋಡುತ್ತಿದ್ದಳು. ಯಂತ್ರ ಮಾತಾಡಿತು. “ಇನ್ನೊಂದು ಸಲ ಮಾಡು,” ಎಂದಳು. ಅವನು ಇನ್ನೊಂದು ಸಲ ಮಾಡಿದ. ಆಮೇಲೆ ಅವಳು ಗೋಡೆ ಹಿಡಿದು ಎದ್ದು, ನಮಗೆ ಚಾ ಮಾಡಲು ಒಳಗೆ ಹೋದಳು. 

ಮುಂದಿನ ಮಳೆಗಾಲವನ್ನು ಅವಳು ಕಾಣಲಿಲ್ಲ.

ಅವಳ ಉತ್ತರಕ್ರಿಯೆ ಎಲ್ಲ ಮುಗಿದ ಮೇಲೆ ಒಂದು ದಿನ ಹೋದೆ. ಶ್ರೀಪಾದ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿದ್ದ. ಕಂಪ್ಯೂಟರ್ ಸರಿಯಾಗಿ ಏಳುತ್ತಿದೆಯೇ ಎಂದು ಕೇಳಿದೆ. ಏಳುತ್ತಿದೆ ಎಂದ. ಆಮೇಲೆ ನನ್ನ ಕಡೆ ತಿರುಗಿ, “ಅಕ್ಕಂಗೆ ಗೊತ್ತಿತ್ತು, ಅಲ್ದಾ?” ಎಂದು ಕೇಳಿದ.

“ಹಂಗ್ಯಾಕ ಅನಸ್ತು ನಿನಗ?”

“ಅಷ್ಟು ತಿಂಗಳಲ್ಲಿ ಒಂದು ಸಲನೂ ಯಾವಾಗ ಗುಣ ಆಗ್ತು ಹೇಳಿ ಕೇಳಿದ್ದಿಲ್ಲೆ.”

ಹೌದು, ಹೇಳಿದವನು ನಾನೇ ಎಂದೆ. ಬಾಗಿಲ ಮೇಲಿನ ಬೋರ್ಡಿನ ವಿಷಯ ಹೇಳಿದೆ. ಅವನು ತಲೆ ತಗ್ಗಿಸಿಕೊಂಡು ಕೇಳಿದ. ಆ ಬೋರ್ಡಿನ ಕೆಳಗೆ ಅವನೂ ಎಷ್ಟೋ ಸಲ ದಾಟಿ ಹೋಗಿದ್ದ. “ಒಳ್ಳೇದಾತು,” ಎಂದ ಕೊನೆಗೆ. “ಯಂಗೆ ಹೇಳ್ಲೆ ಆಜಿಲ್ಲೆ.” ಆಮೇಲೆ ಅಂಗೈ ಚಾಚಿದ. “ಅಕ್ಕ ನೋಡಿದ್ದು ಹ್ಯಾಂಗಿತ್ತು, ಇಲ್ಲಿ ಬರದು ತೋರ್ಸು.”

ಅವನ ಅಂಗೈ ಮೇಲೆ ಬೆರಳಿನಿಂದ ಒಂದೊಂದೇ ಅಕ್ಷರ ಬರೆದೆ. ಮೊದಲ ಗುಂಡು, ಎರಡು ಕೋಲಿನ ನಡುವಿನ ಓರೆ ಗೆರೆ, ಅರ್ಧ ಬಳೆ, ಮತ್ತೆ ಗುಂಡು. ಪೂರ್ತಿಯಾಗುವವರೆಗೂ ಅವನು ಕೈ ಅಲುಗಿಸಲಿಲ್ಲ. ಮುಗಿದ ಮೇಲೆ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ನಾನು ಹೊರಡುವಾಗಲೂ ಹಾಗೆಯೇ ಕೂತಿದ್ದ.

ಇದನ್ನೆಲ್ಲ ಬರೆಯುವ ಮೊದಲು ಈ ದಿನ ಮಧ್ಯಾಹ್ನ ಶ್ರೀಪಾದನಿಗೆ ಫೋನ್ ಮಾಡಿ, ಬರೆಯಲೇ ಎಂದು ಕೇಳಿದೆ. ನಾವಿಬ್ಬರೂ ಈಗ ತಲೆ ಹಣ್ಣಾದವರು. ಅವನು ಬೇಡವೆನ್ನಬಹುದು ಎಂಬ ಅಳುಕಿತ್ತು.

“ಬರಿ,” ಎಂದ. “ಬರದ ಮೇಲೆ ಯಂಗೆ ಕಳ್ಸು, ಮಷೀನು ಓದ್ತು.”

ಸರಿ ಎಂದೆ. ಅವನು ಫೋನ್ ಇಡಲಿಲ್ಲ. 

“ಅಕ್ಕನ ಮಾತು ಪುಸ್ತಕದ ಕನ್ನಡಕ್ಕೆ ತಿದ್ದಡ,” ಎಂದ. “ಅದು ಹೇಳಿದ ಹಂಗೇ ಇರ್ಲಿ.”